ತೆಗೆಯುವುದಕ್ಕೆ ಮಾತ್ರ

ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೂತಿದ್ದ ಕನ್ನಡಕದವನು ಒಳ್ಳೆಯ ಸುದ್ದಿ ಹೇಳುವವನ ಹಾಗೆ ನಕ್ಕ.

"ಒಪ್ಪಿಗೆ ಬಂದಿದೆಯಮ್ಮ. ಪೂರ್ತಿ ಗರ್ಭಕೋಶ ತೆಗೆಯೋದಕ್ಕೆ ವಿಮೆಯವರೇ ಎಲ್ಲಾ ಕಟ್ತಾರೆ. ರೂಮು, ಔಷಧಿ, ಊಟ, ಎಲ್ಲಾ ಅದರಲ್ಲೇ ಬಂತು. ನೀವು ಬಂದು ಮಲಗಿದ್ರೆ ಸಾಕು."

ಗಾಜಿನ ಈಚೆ ನಿಂತಿದ್ದವಳು ಬಾಗಿ, ಕೈ ತೂರಿಸುವ ಕಿಂಡಿಯ ಹತ್ತಿರ ಬಾಯಿ ತಂದಳು. ಅವಳ ದನಿ ಯಾವಾಗಲೂ ಅಷ್ಟೇ, ಎದುರಿಗಿದ್ದವರೇ ಎರಡು ಸಲ ಕೇಳಬೇಕು.

"ನಾನು ಕೇಳಿದ್ದು ಅದಲ್ಲ ಸಾರ್. ಬರೀ ಗಡ್ಡೆ ತೆಗೆದು, ಗರ್ಭಕೋಶ ಉಳಿಸೋದು. ಡಾಕ್ಟರು ಆಗುತ್ತೆ ಅಂದ್ರು."

"ಆಗುತ್ತೆ. ಆದ್ರೆ ವಿಮೆಯಲ್ಲಿ ಬರಲ್ಲ."

"ಯಾಕೆ?"

"ಡಾಕ್ಟರು ಬರೆದಿದ್ದಾರಲ್ಲ, ರೋಗಿಗೆ ಮುಂದೆ ಮಗು ಬೇಕಂತೆ, ಅದಕ್ಕೇ ಉಳಿಸಬೇಕು ಅಂತ. ಮಗು ಆಗೋದಕ್ಕೆ ಅಂತ ಮಾಡೋ ಚಿಕಿತ್ಸೆ ಯಾವುದೂ ನಿಮ್ಮ ಪಾಲಿಸಿಗೆ ಸೇರಲ್ಲ."

"ಇದು ಗಡ್ಡೆಗೆ ಮಾಡೋದಲ್ವಾ? ರಕ್ತ ನಿಲ್ತಿಲ್ಲ ಅಂತ ಮಾಡೋದಲ್ವಾ?"

"ಗೊತ್ತಮ್ಮ. ನೀವು ಮಗು ಬೇಕು ಅಂತ ಬಾಯಿಬಿಟ್ಟು ಹೇಳಿಬಿಟ್ರಿ, ಅದೇ ತೊಂದರೆ ಆಗಿದ್ದು."

"ಹೇಳದೆ ಇದ್ದಿದ್ರೆ ಕೊಡ್ತಿದ್ರಾ?"

ಕನ್ನಡಕದವನು ಕೆಟ್ಟವನಲ್ಲ. ಪೆನ್ನಿನ ತುದಿ ಕಚ್ಚಿಕೊಂಡು ನಿಜವಾಗಿಯೂ ಯೋಚಿಸಿದ. "ಇಲ್ಲ ಅನ್ಸುತ್ತೆ. ಆಗ, ಮಗುವೇ ಬೇಡ ಅಂದ್ಮೇಲೆ ಉಳಿಸ್ಕೊಂಡು ಏನು ಮಾಡ್ತಾರೆ, ಪೂರ್ತಿ ತೆಗೀರಿ ಅಂತಿದ್ರು." ಹೇಳಿ ಮುಗಿಸಿದ ಮೇಲೆ ಅವನಿಗೇ ನಗು ಬಂತು. ಅವಳ ಮುಖ ನೋಡಿ ನಗು ನುಂಗಿಕೊಂಡು, ಹಿಂದಿನವರನ್ನು ಕರೆದ.

ಅವಳು ಬಸ್ಸಿನ ಸೀಟುಗಳಿಗೆ ಕವರು ಹೊಲಿಯುವ ಕಾರ್ಖಾನೆಯಲ್ಲಿ ಜಿಪ್ಪು ಕೂರಿಸುವವಳು. ಅಲ್ಲಿ ಎಲ್ಲರೂ ಅವಳನ್ನು ಜಿಪ್ಪಿ ಎಂದೇ ಕರೆಯುತ್ತಿದ್ದರು. ಕೆಲಸವೂ ಅದೇ, ಬಾಯಿಯೂ ಹಾಗೆಯೇ, ಒಂದೇ ಹೆಸರಿನಲ್ಲಿ ಎರಡೂ ಮುಗಿಯಿತಲ್ಲ ಎಂದು ಅವರ ಲೆಕ್ಕ. ಅವಳೇನೂ ಬೇಸರ ಮಾಡಿಕೊಂಡಿರಲಿಲ್ಲ. ಮಾತಾಡದವರಿಗೆ ನೋಡುವುದಕ್ಕೆ ಬೇಕಾದಷ್ಟು ಸಿಗುತ್ತದೆ.

ಆದರೆ ಮೊನ್ನೆ ಡಾಕ್ಟರಮ್ಮ ಕೈ ತೊಳೆದುಕೊಳ್ಳುತ್ತಾ, ತಿರುಗಿ ನೋಡದೆಯೇ, "ನಿಮಗೆ ಮಗು ಬೇಕಾ?" ಎಂದು ಕೇಳಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅತ್ತೆ ಕೇಳಿದ್ದು "ಯಾವಾಗ?" ಎಂದು. ಅಕ್ಕಪಕ್ಕದವರು ಕೇಳಿದ್ದು "ಯಾಕಿಲ್ಲ?" ಎಂದು. ಒಂದು ಸಲ ಬಸಿರು ನಿಂತು, ಮೂರನೇ ತಿಂಗಳಲ್ಲಿ ಜಾರಿ ಹೋದಾಗ ಗಂಡ "ಆಗುತ್ತೆ ಬಿಡು" ಎಂದಿದ್ದ. ಬೇಕಾ ಎಂದು ಕೇಳಿದವರು ಈ ಡಾಕ್ಟರಮ್ಮ ಒಬ್ಬರೇ. ಅವಳು ಇದ್ದ ಧೈರ್ಯವನ್ನೆಲ್ಲಾ ಒಟ್ಟು ಮಾಡಿ "ಬೇಕು" ಎಂದಿದ್ದಳು. ಗಡ್ಡೆ ಮತ್ತೆ ಬರಬಹುದು, ಮಗು ಆಗೇ ಆಗುತ್ತದೆಂದು ಮಾತು ಕೊಡಲಾರೆ, ಆದರೆ ದಾರಿ ಇದೆ ಎಂದು ಡಾಕ್ಟರಮ್ಮ ಗಂಡನನ್ನೂ ಒಳಗೆ ಕರೆದು ಹೇಳಿದ್ದರು. ಯಾವುದಾದರೂ ಒಂದು ಬೇಗ ಆಗಬೇಕು, ಮೈಯಲ್ಲಿ ರಕ್ತ ಉಳಿದಿಲ್ಲ ಎಂದೂ ಹೇಳಿದ್ದರು.

ಒಂದೇ ಒಂದು ಮಾತು. ಅದನ್ನೇ ಹಿಡಿದುಕೊಂಡು ವಿಮೆಯವರು ಬಾಗಿಲು ಹಾಕಿದ್ದರು. ಬಸ್ಸಿನಲ್ಲಿ ಮನೆಗೆ ಬರುವಾಗ ಅವಳ ಕಿವಿ ಕಾದು ಹೋಗಿತ್ತು. ಮುಂದಿನ ಸೀಟಿನ ಕವರಿನ ಜಿಪ್ಪು ಯಾರೋ ಅಡ್ಡಾದಿಡ್ಡಿ ಹೊಲಿದದ್ದು. ನೋಡಿ ಅದರ ಮೇಲೂ ಸಿಟ್ಟು ಬಂತು.

ಮನೆಯಲ್ಲಿ ಅತ್ತೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ಗಂಡ ಬಾಗಿಲಲ್ಲಿ ಕೂತು ಯಾವುದೋ ಹಳೆಯ ಫ್ರಿಜ್ಜಿನ ಮೋಟಾರಿನ ಮಸಿ ಒರೆಸುತ್ತಿದ್ದ. ಅವನು ಬೇರೆಯವರ ಅಂಗಡಿಯಲ್ಲಿ ಫ್ರಿಜ್ಜು ರಿಪೇರಿ ಮಾಡುವವನು. ತನ್ನದೇ ಒಂದು ಅಂಗಡಿ ಇಡಬೇಕೆಂಬುದು ಮದುವೆಗೆ ಮೊದಲಿನ ಆಸೆ. ಅದಕ್ಕೆಂದು ಇಬ್ಬರ ಸಂಬಳದಲ್ಲೂ ಉಳಿಸುತ್ತಾ ಬಂದಿದ್ದರು. ಮಳಿಗೆಯೊಂದು ಗೊತ್ತಾಗಿ, ಅಡ್ವಾನ್ಸ್ ಕೊಡುವುದಷ್ಟೇ ಬಾಕಿ ಇತ್ತು.

ಅವಳು ಕೌಂಟರಿನ ಮಾತು ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಟವೆಲು ಕೊಡವಿದಳು.

"ಬಿಟ್ಟಿ ಮಾಡ್ತಾರಂತಲ್ಲ, ಇನ್ನೇನು? ಹಾಳಾದ್ದು ತೆಗೆಸಿ ಬಿಸಾಕು. ಕನ್ನಡೀಲಿ ನಿನ್ನ ಮುಖ ನೋಡ್ಕೊಂಡಿದ್ದೀಯಾ? ಸುಣ್ಣದ ಗೋಡೆ ಹಾಗಿದೆ. ಮೊನ್ನೆ ಬಚ್ಚಲಲ್ಲಿ ಬಿದ್ದಾಗ ನನ್ನ ಜೀವ ಬಾಯಿಗೆ ಬಂದಿತ್ತು."

"ಅತ್ತೆ, ತೆಗೆದ್ರೆ ಮತ್ತೆ ಇಲ್ಲ."

"ಇಲ್ಲದಿದ್ರೆ ಇಲ್ಲ. ಮೊಮ್ಮಕ್ಕಳ ಮುಖ ನೋಡದೆ ನಾನೇನು ಕೂತಿಲ್ಲ. ದೊಡ್ಡವನ ಮನೇಲಿ ಮೂರು ಇವೆ, ಅವುಗಳ ಮೂಗು ಒರೆಸೋಕೆ ಜನ ಇಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು. ಸೊಸೆಯ ಮೇಲಿನ ಭಾರ ಇಳಿಸಿದೆ ಎಂದುಕೊಂಡು ಅತ್ತೆ ಬಟ್ಟೆಯ ಗಂಟು ಎತ್ತಿಕೊಂಡು ಒಳಗೆ ಹೋದಳು.

ಅವಳು ಗಂಡನ ಕಡೆ ತಿರುಗಿದಳು. "ನೀವೇನಂತೀರಿ?"

"ನೋಡೋಣ," ಎಂದ ಅವನು.

ಅವನ "ನೋಡೋಣ" ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಗೆ ಬಂದ ಫ್ರಿಜ್ಜು ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದು ತಿಳಿದ ಮೇಲೂ ಅವನು ಗಿರಾಕಿಗೆ ಹೇಳುತ್ತಿದ್ದದ್ದು ಅದನ್ನೇ.

ಮರುದಿನ ಊಟದ ಗಂಟೆ ಹೊಡೆದಾಗ ಕಾರ್ಖಾನೆಯ ಯಂತ್ರಗಳು ಒಂದೊಂದಾಗಿ ನಿಂತವು. ಹೆಂಗಸರು ರೆಕ್ಸಿನ್ನಿನ ಸುರುಳಿಗಳ ಮೇಲೆ ಡಬ್ಬಿ ಬಿಚ್ಚಿ ಕೂತರು. ಕತ್ತರಿ ಅಕ್ಕ ಮಾತ್ರ ಕೂರಲಿಲ್ಲ. ಅವಳು ಬಟ್ಟೆ ಕತ್ತರಿಸುವ ಮೇಜಿನವಳು, ಎಲ್ಲರಿಗಿಂತ ಹಳಬಳು. ಮೇಸ್ತ್ರಿಗೂ ಎದುರು ಮಾತಾಡಬಲ್ಲವಳು. ಸೆರಗಿನಡಿ ಏನನ್ನೋ ಬಚ್ಚಿಟ್ಟುಕೊಂಡು ಬಂದು ಜಿಪ್ಪಿಯ ಮುಂದೆ ನಿಂತಳು. ಹಿಂದೆ ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

"ಕಣ್ಮುಚ್ಚು," ಎಂದಳು ಕತ್ತರಿ ಅಕ್ಕ.

ಜಿಪ್ಪಿ ಕಣ್ಣು ಮುಚ್ಚಲಿಲ್ಲ. ಅವಳಿಗೆ ಏನೆಂದು ಆಗಲೇ ಗೊತ್ತಾಗಿತ್ತು. ಮಡಿಲಿಗೆ ಬಿದ್ದದ್ದು ಒಂದು ಪುಟ್ಟ ದಿಂಬು.

ಅದು ಆ ಹೊಲಿಗೆ ಯಂತ್ರಗಳ ಸಾಲಿನ ರೂಢಿ. ಗರ್ಭಕೋಶ ತೆಗೆಸಿಕೊಂಡು ಬಂದವಳಿಗೆ ಕೆಮ್ಮಿದರೆ, ಸೀನಿದರೆ, ನಕ್ಕರೆ ಹೊಟ್ಟೆಯ ಹೊಲಿಗೆ ಎಳೆಯುತ್ತದೆ. ಆಗ ಅವುಚಿಕೊಳ್ಳಲು ಒಂದು ದಿಂಬು ಬೇಕು. ಸೀಟಿನ ಮಖಮಲ್ ಬಟ್ಟೆಯ ತುಂಡು, ಫೋಮಿನ ಚೂರು ಕೂಡಿಸಿ, ಸಾಲಿನ ಪ್ರತಿಯೊಬ್ಬಳೂ ಒಂದೊಂದು ಹೊಲಿಗೆ ಹಾಕಿ, ಆಪರೇಷನ್ನಿಗೆ ಹೊರಟವಳಿಗೆ ಕೊಡುತ್ತಿದ್ದರು. ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮನೆಯಲ್ಲಿ ಅಂಥ ದಿಂಬು ಇತ್ತು. "ಬಸ್ಸಿನ ಸೀಟಿಗಿಂತ ಇದಕ್ಕೇ ನಮ್ಮಲ್ಲಿ ಆರ್ಡರು ಜಾಸ್ತಿ," ಎಂದು ತಮಾಷೆ ಮಾಡಿಕೊಳ್ಳುತ್ತಿದ್ದರು. ಜಿಪ್ಪಿಯೂ ಅವುಗಳಿಗೆ ಜಿಪ್ಪು ಕೂರಿಸಿಕೊಟ್ಟವಳೇ. ಇಷ್ಟೊಂದು ಜನಕ್ಕೆ ಯಾಕೆ ಬೇಕಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

"ನಿಂದಕ್ಕೆ ಜಿಪ್ಪು ನಾನೇ ಹಾಕಿದ್ದು, ಸೊಟ್ಟ ಆಗಿದೆ, ಬೈಕೋಬೇಡ," ಎಂದಳು ಪಕ್ಕದ ಯಂತ್ರದವಳು.

"ಇನ್ಮೇಲೆ ಹಬ್ಬ ಕಣೇ ನಿಂಗೆ," ಎಂದಳು ಇನ್ನೊಬ್ಬಳು. "ಬಟ್ಟೆ ತೊಳಿಯೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ. ಅತ್ತೆ ಕೈಲಿ ಚಹಾ ಮಾಡಿಸ್ಕೊಂಡು ಮಹಾರಾಣಿ ಹಾಗೆ ಕುಡಿ."

ಜಿಪ್ಪಿ ದಿಂಬನ್ನೇ ನೋಡುತ್ತಿದ್ದಳು. "ನಿಮಗೆ ಯಾರು ಹೇಳಿದ್ರು?"

"ಯಾರು ಅಂದ್ರೆ? ಮೇಸ್ತ್ರಿ. ಗುರುವಾರದಿಂದ ನಿಂಗೆ ರಜ ಅಂದ. ನಿನ್ನ ಗಂಡ ಬೆಳಿಗ್ಗೆ ಫೋನ್ ಮಾಡಿದ್ದನಂತಲ್ಲ, ದಿನ ಗೊತ್ತಾಯ್ತು ಅಂತ."

ರಾತ್ರಿ ನೋಡೋಣ ಎಂದವನು ಬೆಳಿಗ್ಗೆಯೇ ದಿನ ಗೊತ್ತು ಮಾಡಿದ್ದ. ಗಂಡ, ಆಸ್ಪತ್ರೆಯವರು, ಮೇಸ್ತ್ರಿ, ಇಡೀ ಸಾಲು, ಎಲ್ಲರಿಗೂ ಗೊತ್ತು. ತಿಳಿಯದೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದವಳು ತಾನೊಬ್ಬಳೇ. ಅವಳು ಎದ್ದಳು. ಡಬ್ಬಿ ಉರುಳಿ ಬಿತ್ತು. ದಿಂಬನ್ನು ಎತ್ತಿ ಕತ್ತರಿಸುವ ಮೇಜಿನ ಆಚೆಗೆ ಬೀಸಿದಳು.

"ಬದುಕಿರೋವಾಗ್ಲೇ ಹೆಣಕ್ಕೆ ಬಟ್ಟೆ ಹೊಲಿದ ಹಾಗೆ ಹೊಲಿದಿದ್ದೀರಲ್ಲ! ನನ್ನನ್ನ ಒಂದು ಮಾತು ಕೇಳಿದ್ರಾ? ತೆಗೆಸ್ತೀನಿ ಅಂತ ನಾನು ಹೇಳಿದ್ನಾ?"

ಅಷ್ಟು ದೊಡ್ಡ ದನಿ ಅವಳ ಗಂಟಲಿನಲ್ಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಕತ್ತರಿ ಅಕ್ಕನ ಮುಖ ಕೆಂಪಾಯಿತು. "ಏನೇ ನಿಂದು? ಬೆಳಿಗ್ಗೆಯಿಂದ ಮೇಸ್ತ್ರಿ ಕಣ್ಣು ತಪ್ಪಿಸಿ ಹೊಲಿದಿದ್ದೀವಿ, ಪ್ರೀತಿಯಿಂದ. ನಾವೆಲ್ಲಾ ತೆಗೆಸಿಕೊಂಡವರು ಹೆಣವಾ ಹಾಗಾದ್ರೆ? ನೀನೊಬ್ಬಳು ಬಂಗಾರದ ಹೊಟ್ಟೆ ಇಟ್ಕೊಂಡು ಹುಟ್ಟಿದವಳಾ?"

ಗದ್ದಲ ಕೇಳಿ ಮೇಸ್ತ್ರಿ ಹಲ್ಲು ಕಡ್ಡಿ ಕಚ್ಚಿಕೊಂಡೇ ಬಂದ. "ಏನ್ರಮ್ಮ ಸಂತೆ? ಜಿಪ್ಪಿ, ನಿನ್ನ ರಜ ಆಗಲೇ ಬರೆದಾಯ್ತು, ಕೂಗೋದೇನು? ಒಳ್ಳೇದೇ ಆಯ್ತು. ಇನ್ಮೇಲೆ ತಿಂಗಳು ತಿಂಗಳು ಹೊಟ್ಟೆನೋವು ಅಂತ ರಜದ ರಗಳೆ ಇರಲ್ಲ. ಬಸುರಿ, ಬಾಣಂತಿ ಅಂತ ಯಂತ್ರ ಖಾಲಿ ಬೀಳಲ್ಲ. ಈ ಸಾಲು ನೋಡು, ಎಷ್ಟು ಚೆನ್ನಾಗಿ ಓಡ್ತಿದೆ."

ಮೆಚ್ಚಿಕೊಂಡೇ ಹೇಳಿದ ಅವನು. ತನ್ನ ಬಾಯಿಂದ ಏನು ಬಿತ್ತು ಎಂಬ ಅಂದಾಜೂ ಅವನಿಗೆ ಇರಲಿಲ್ಲ. ಆದರೆ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕತ್ತರಿ ಅಕ್ಕ ಜಿಪ್ಪಿಯ ಮೇಲಿದ್ದ ಕಣ್ಣನ್ನು ನಿಧಾನವಾಗಿ ಅವನ ಕಡೆ ತಿರುಗಿಸಿದಳು.

"ಚೆನ್ನಾಗಿ ಓಡ್ತಿದೆಯಾ?"

"ಅಲ್ಲಕ್ಕಾ, ನಾನು ಹೇಳಿದ್ದು..."

"ಹೋಗಪ್ಪ. ಊಟದ ಹೊತ್ತು ಇನ್ನೂ ಮುಗಿದಿಲ್ಲ. ಹೋಗು ಇಲ್ಲಿಂದ."

ಅವನು ಹೋದ. ಜಿಪ್ಪಿ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಹಿಂದೆ ಕತ್ತರಿ ಅಕ್ಕ ಬಂದು ನಿಂತದ್ದು ಚಪ್ಪಲಿಯ ಸದ್ದಿನಿಂದ ತಿಳಿಯಿತು. ಬೈಯಲು ಬಂದಿದ್ದಾಳೆ ಎಂದುಕೊಂಡು ಜಿಪ್ಪಿ ತಿರುಗಲಿಲ್ಲ.

"ಉಳಿಸಬಹುದು ಅಂತ ನಿಂಗೆ ಯಾರು ಹೇಳಿದ್ದು?" ಅಕ್ಕ ಕೇಳಿದಳು. ದನಿ ಬೇರೆಯಾಗಿತ್ತು.

"ಡಾಕ್ಟರು. ಗಡ್ಡೆ ಮಾತ್ರ ತೆಗೆದು ಉಳಿಸಬಹುದಂತೆ. ಎಲ್ಲರಿಗೂ ಆಗಲ್ಲ, ಕೆಲವರಿಗೆ ಆಗುತ್ತಂತೆ. ವಿಮೆಯವರು ಅದಕ್ಕೆ ಕೊಡಲ್ಲ."

"ನಂಗೂ ಗಡ್ಡೇನೇ ಇದ್ದದ್ದು." ಅಕ್ಕ ನಲ್ಲಿ ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. "ನಿನಗಿಂತ ಚಿಕ್ಕವಳಿದ್ದೆ. ಕಾರ್ಖಾನೆಗೆ ಹೊಸದಾಗಿ ವಿಮೆ ಬಂದಿತ್ತು. ಎಲ್ಲಾ ಅವರೇ ಕಟ್ತಾರೆ, ಬಾ ಅಂದ್ರು. ಬೋನಸ್ ಬಂದವಳ ಹಾಗೆ ಕುಣ್ಕೊಂಡು ಹೋದೆ ಕಣೇ. ಇನ್ನೊಂದು ದಾರಿ ಇದೆ ಅಂತ ಒಬ್ಬ ನಾಯಿನೂ ಹೇಳಲಿಲ್ಲ."

ಅಕ್ಕನಿಗೆ ಮಕ್ಕಳಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಆಗಲಿಲ್ಲ ಎಂದುಕೊಂಡಿದ್ದರು.

"ಅಕ್ಕಾ, ನಾನು ಹೆಣ ಅಂದದ್ದು..."

"ಅಂದೆಯಲ್ಲ, ಇರ್ಲಿ. ನಂಗೆ ಸಮಾಧಾನ ಹೇಳೋಕೆ ಬರ್ಬೇಡ, ಮೈ ಉರೀತಿದೆ ನಂಗೆ. ಮೊದಲು ನಿನ್ನ ಗಂಡನ ಹತ್ರ ಹೋಗಿ ಕೇಳು, ಯಾರ ಹೊಟ್ಟೆ ಅಂತ ದಿನ ಗೊತ್ತು ಮಾಡಿದ್ದು ಅಂತ. ಮೇಸ್ತ್ರಿಗೆ ನಾನು ಹೇಳ್ತೀನಿ. ಕೂಗಾಡಿದ್ರೆ ಕೂಗಾಡ್ಲಿ."

ಗಂಡ ಕೆಲಸ ಮಾಡುವ ಅಂಗಡಿ ಎರಡು ಬೀದಿ ಆಚೆ. ಕಾಲುದಾರಿಯ ತನಕ ಫ್ರಿಜ್ಜುಗಳು ಬಾಗಿಲು ತೆರೆದುಕೊಂಡು ನಿಂತಿದ್ದವು. ಅವನು ಒಂದರ ಹಿಂದೆ ಕೂತು ಕೊಳವೆಗೆ ಬೆಸುಗೆ ಹಾಕುತ್ತಿದ್ದ. ಹೆಂಡತಿಯನ್ನು ಅಷ್ಟು ಹೊತ್ತಿನಲ್ಲಿ ಕಂಡವನೇ ಗಾಬರಿಯಾಗಿ ಎದ್ದ.

"ಏನಾಯ್ತು? ಮತ್ತೆ ರಕ್ತ ಹೋಯ್ತಾ?"

ಆ ಗಾಬರಿ ಸುಳ್ಳಲ್ಲ ಎಂಬುದು ಅವಳಿಗೆ ಕಂಡಿತು. ಕಂಡದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಕೆಟ್ಟವನಾಗಿದ್ದರೆ ಸುಲಭವಿತ್ತು.

"ಗುರುವಾರ ಅಂತ ಯಾರನ್ನ ಕೇಳಿ ಹೇಳಿದ್ರಿ?"

ಅವನು ಒಳಗೆ ಕೂತಿದ್ದ ಮಾಲೀಕನ ಕಡೆ ಒಮ್ಮೆ ನೋಡಿದ. "ಮೆಲ್ಲಗೆ ಮಾತಾಡು. ಆಸ್ಪತ್ರೆಯಿಂದ ಫೋನ್ ಬಂತು, ಈ ವಾರ ಬಿಟ್ರೆ ಬೆಡ್ ಇಲ್ಲ ಅಂದ್ರು. ಸರಿ ಅಂದೆ. ಸಂಜೆ ನಿಂಗೆ ಹೇಳ್ತಿದ್ದೆ."

"ಮೇಸ್ತ್ರಿಗೆ ಬೆಳಿಗ್ಗೆ, ನನಗೆ ಸಂಜೆ."

"ನೀನು ಬಚ್ಚಲಲ್ಲಿ ಬಿದ್ದಾಗ ಎತ್ತಿದ್ದು ನಾನು ಕಣೇ! ನಿನ್ನ ಕಾಲೆಲ್ಲಾ ರಕ್ತ. ಮಗು ಇಲ್ಲದಿದ್ರೆ ಇರ್ತೀನಿ. ನೀನಿಲ್ಲದಿದ್ರೆ ಏನು ಮಾಡ್ಲಿ?"

"ಗಡ್ಡೆ ತೆಗೆದ್ರೂ ರಕ್ತ ನಿಲ್ಲುತ್ತೆ. ಡಾಕ್ಟರು ನಿಮ್ಮೆದುರಿಗೇ ಹೇಳಿದ್ರು. ಅದಕ್ಕೆ ದುಡ್ಡು ಬೇಕು, ಅಷ್ಟೇ. ದುಡ್ಡು ಇದೆ."

ಅವನು ಬೆಸುಗೆಯ ಕಡ್ಡಿ ಕೆಳಗಿಟ್ಟ. ಇದುವರೆಗೆ ಇಬ್ಬರೂ ಸುತ್ತಿ ಬಳಸಿ ದಾಟುತ್ತಿದ್ದ ಜಾಗ ಅದೇ. ಮಾಲೀಕ ರೇಡಿಯೋ ಸಣ್ಣ ಮಾಡಿದ, ಕೇಳಿಸಲಿ ಎಂದು.

"ಅದು ಅಂಗಡಿಯದ್ದು," ಎಂದ ಅವನು.

"ಹೌದು."

"ಅಷ್ಟೂ ಅಲ್ಲಿ ಸುರಿದ ಮೇಲೆ ಮಗು ಆಗುತ್ತೆ ಅಂತ ಗ್ಯಾರಂಟಿ ಇದೆಯಾ?"

"ಇಲ್ಲ. ಅಂಗಡಿ ನಡೆಯುತ್ತೆ ಅಂತ ಗ್ಯಾರಂಟಿ ಇದೆಯಾ?"

ಮಾಲೀಕ ಒಳಗಿನಿಂದ ಸಣ್ಣಗೆ ಕೆಮ್ಮಿದ. ಗಂಡನ ಕಿವಿ ಕೆಂಪಾದವು. "ನೀನು ಹಟ ಹಿಡಿದಿದ್ದೀಯಾ."

"ಹಿಡಿದಿದ್ದೀನಿ. ಇಷ್ಟು ದಿನ ಒಂದಕ್ಕೂ ಹಿಡಿದಿರಲಿಲ್ಲ. ನಿಮ್ಮ ಅಂಗಡಿ ಬೇಡ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ? ನನ್ನ ಓವರ್‌ಟೈಮೆಲ್ಲಾ ಅದರಲ್ಲೇ ಇದೆ. ಅಂಗಡಿ ಆಮೇಲೆ ಹುಟ್ಟಲಿ. ಅದಕ್ಕೆ ವಯಸ್ಸಾಗಲ್ಲ, ಅದರಲ್ಲಿ ಗಡ್ಡೆ ಬೆಳೆಯಲ್ಲ. ಇನ್ನೊಂದು ಮಾತು. ತೆಗೆಸ್ಕೋ ಅಂತ ನಿಮಗೆ ಇದ್ರೆ, ನನ್ನೆದುರಿಗೆ ನಿಂತು ಹೇಳಿ. ದುಡ್ಡು ಉಳಿಸೋಣ, ಮಗು ಬೇಡ ಅಂತ. ಪ್ರೀತಿ, ರಕ್ತ, ಬೆಡ್ಡು ಅಂತ ಬಣ್ಣ ಬಳಿಬೇಡಿ. ಹೇಳಿ, ಕೇಳ್ತೀನಿ."

ಅವನು ಹೇಳಲಿಲ್ಲ. ಹೆಂಡತಿಯ ಮುಖವನ್ನು ಹೊಸಬರನ್ನು ನೋಡುವ ಹಾಗೆ ನೋಡಿದ. ಅವಳು ಕಾದಳು. ಹೆದರಿಕೆಯಾಗಿತ್ತು ಅವಳಿಗೆ. ಅವನು ಆ ಮಾತನ್ನು ಹೇಳಿಯೇ ಬಿಟ್ಟರೆ ತಾನು ಯಾವ ಮನೆಗೆ ಹೋಗುವುದೆಂದು ತಿಳಿದಿರಲಿಲ್ಲ. ಆದರೂ ಕಾಲು ಕದಲಲಿಲ್ಲ.

"ಮಳಿಗೆಯವರಿಗೆ ಏನಂತ ಹೇಳ್ಲಿ?" ಎಂದ ಅವನು, ನೆಲ ನೋಡಿಕೊಂಡು.

"ನೋಡೋಣ ಅನ್ನಿ," ಎಂದಳು.

ಒಳಗೆ ಮಾಲೀಕನಿಗೆ ನಗು ತಡೆಯಲಾಗಲಿಲ್ಲ. ಗಂಡನಿಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ.

ಗುರುವಾರ ಇಬ್ಬರೂ ಆಸ್ಪತ್ರೆಗೆ ಹೋದರು. ಅತ್ತೆ ಬರಲಿಲ್ಲ, ಬಿಟ್ಟಿ ಸಿಕ್ಕಿದ್ದನ್ನು ಒದ್ದು ಹೋಗುವವರ ಹಿಂದೆ ತಾನ್ಯಾಕೆ ಬರಲಿ ಎಂದು ಬಾಗಿಲಲ್ಲೇ ಗೊಣಗಿ ಉಳಿದಳು. ಗಂಡ ಕಂಬಕ್ಕೆ ಒರಗಿ, ದುಡ್ಡಿದ್ದ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತ. ಅವಳು ಸಾಲಿನಲ್ಲಿ ನಿಂತು ಕೌಂಟರಿನ ತನಕ ಬಂದಳು.

ಕನ್ನಡಕದವನು ಗುರುತು ಹಿಡಿದ. "ಬನ್ನಿ ಬನ್ನಿ. ಎಲ್ಲಾ ರೆಡಿ ಇದೆ. ಇಲ್ಲೊಂದು, ಇಲ್ಲೊಂದು ಸಹಿ."

"ಪೂರ್ತಿ ತೆಗೆಯೋದು ಬೇಡ. ಉಳಿಸೋದೇ ಮಾಡ್ಲಿ. ನಾವೇ ಕಟ್ತೀವಿ."

"ಏನು?" ಅವನು ಕಿಂಡಿಗೆ ಕಿವಿ ಕೊಟ್ಟ. "ಜೋರಾಗಿ ಹೇಳಿ."

ಅವಳು ಬೆನ್ನು ನೆಟ್ಟಗೆ ಮಾಡಿದಳು. ಕಿಂಡಿಗೆ ಬಾಗುವುದನ್ನು ಬಿಟ್ಟು, ಗಾಜಿನ ಮೇಲಿಂದ ಹೇಳಿದಳು.

"ಗರ್ಭಕೋಶ ಕಿತ್ತು ಹಾಕೋದಕ್ಕೆ ಪೂರ್ತಿ ದುಡ್ಡು ಕೊಡ್ತೀರಿ. ಉಳಿಸೋದಕ್ಕೆ ಒಂದು ಕಾಸು ಕೊಡಲ್ಲ. ನಾನು ವರ್ಷಗಟ್ಟಲೆ ಸಂಬಳದಲ್ಲಿ ಕಟ್ಟಿದ್ದು ಇದಕ್ಕಾ? ನಮ್ಮ ಕಾರ್ಖಾನೆ ಸಾಲಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಹೀಗೇ ಬಿಟ್ಟಿ ಅಂತ ಹೇಳಿ ತೆಗೆದಿದ್ದೀರಿ. ನನಗೆ ನಿಮ್ಮ ಬಿಟ್ಟಿ ಬೇಡ."

"ಅಮ್ಮಾ, ನನ್ನ ಮೇಲೆ ಯಾಕೆ ಕೂಗ್ತೀರಿ? ನಾನು ಮಾಡಿದ ನಿಯಮ ಅಲ್ಲ."

"ನಿಯಮ ಮಾಡಿದವರು ಎಲ್ಲಿ ಕೂತಿರ್ತಾರೆ ಹೇಳಿ, ಅಲ್ಲಿಗೆ ಹೋಗಿ ಕೂಗ್ತೀನಿ."

ಅವನು ಆ ಒಪ್ಪಿಗೆಯನ್ನು ರದ್ದು ಮಾಡಿ, ದುಡ್ಡು ಕಟ್ಟುವ ಕೌಂಟರು ಯಾವುದೆಂದು ಕೈ ತೋರಿಸಿದ. ಕಂಬದ ಹತ್ತಿರದ ಗಂಡ ತಲೆ ತಗ್ಗಿಸಿಕೊಂಡು, ಹೆಂಡತಿ ಹೇಳುವುದಕ್ಕೂ ಕಾಯದೆ, ಆ ಕಡೆಗೆ ನಡೆದ.

ಅವಳು ಅವನ ಹಿಂದೆ ಹೊರಡಬೇಕು ಅನ್ನುವಾಗ ಯಾರೋ ತೋಳು ಹಿಡಿದರು. ಸಾಲಿನಲ್ಲಿ ಅವಳ ಹಿಂದೆಯೇ ನಿಂತಿದ್ದ ಹುಡುಗಿ. ಅವಳಿಗಿಂತ ಚಿಕ್ಕವಳು, ಹಾಗೆಯೇ ಸುಣ್ಣ ಬಳಿದಂಥ ಮುಖ. ಜೊತೆಗೆ ಅಮ್ಮನೋ ಅತ್ತೆಯೋ ಒಬ್ಬಳು ಬೆಂಚಿನ ಮೇಲೆ ತೂಕಡಿಸುತ್ತಿದ್ದಳು.

"ಅಕ್ಕಾ," ಎಂದಳು ಹುಡುಗಿ. ಎರಡು ಸಲ ಕೇಳಬೇಕಾದಷ್ಟು ಮೆಲ್ಲಗೆ. "ಉಳಿಸಬಹುದಾ?"

"ನಿಮ್ಮದು ಉಳಿಯುತ್ತೋ ಇಲ್ವೋ ನಂಗೆ ಗೊತ್ತಿಲ್ಲಮ್ಮ. ನಂದೂ ಏನಾಗುತ್ತೋ ಗೊತ್ತಿಲ್ಲ. ಆದ್ರೆ ಸಹಿ ಹಾಕೋ ಮೊದಲು ಒಳಗೆ ಹೋಗಿ ಡಾಕ್ಟರನ್ನ ಕೇಳಿ. ಅವರಾಗಿ ಹೇಳ್ತಾರೆ ಅಂತ ಕಾಯಬೇಡಿ."

"ನಂಗೆ ಕೇಳೋಕೆ ಹೆದರಿಕೆ."

"ಅಮ್ಮಾ, ಲೈನು ನಿಲ್ಲಿಸಬೇಡಿ," ಎಂದ ಕನ್ನಡಕದವನು. "ಮುಂದಿನವರು ಬನ್ನಿ."

"ಬರಲ್ಲ," ಎಂದಳು ಅವಳು ಗಾಜಿನ ಕಡೆ ತಿರುಗಿ. "ಇವರು ಡಾಕ್ಟರನ್ನ ನೋಡ್ಕೊಂಡು ಬರ್ತಾರೆ. ನೀವು ಅವರ ಹಿಂದಿನವರನ್ನ ಕರೀರಿ."

ಹುಡುಗಿಯನ್ನು ಸಾಲಿನಿಂದ ಹೊರಗೆ ಕರೆದುಕೊಂಡು, ಡಾಕ್ಟರಮ್ಮನ ಕೋಣೆ ಯಾವ ಕಡೆಗೆ ಎಂದು ತೋರಿಸುತ್ತಾ ಅವಳ ಜೊತೆ ನಡೆದಳು.